ಕೋವಿಗೆ ಬಂದ ಡಿಸ್ಟಿಂಕ್ಷನ್

ಉತ್ತಯ್ಯ ಪರೀಕ್ಷೆಗೆ ಕೂತದ್ದು ದೇವರ ಕೋಣೆಯಲ್ಲಿ. ಅದರಲ್ಲಿ ತಪ್ಪೇನು ಎಂದು ಅವನು ಇವತ್ತಿಗೂ ಕೇಳುತ್ತಾನೆ, ಅದಕ್ಕೆ ಸಮಾಧಾನ ಹೇಳಬಲ್ಲವರು ನಾಪೋಕ್ಲು ಪೇಟೆಯಲ್ಲಿ ಇನ್ನೂ ಯಾರೂ ಸಿಕ್ಕಿಲ್ಲ. ವಿಶ್ವವಿದ್ಯಾಲಯದವರು ಕೇಳಿದ್ದು ಬಾಗಿಲು ಹಾಕಿಕೊಳ್ಳಬಹುದಾದ, ಒಬ್ಬನೇ ಕೂರಬಹುದಾದ, ನಡುವೆ ಯಾರೂ ನುಗ್ಗಿ ಬಾರದ ಒಂದು ಕೋಣೆ. ಕೈಲ್‌ಮುಹೂರ್ತದ ಹಬ್ಬದ ದಿನ, ಮನೆ ತುಂಬ ನೆಂಟರು, ಅಡುಗೆಮನೆ ತುಂಬ ಕಡುಬಿನ ಹಬೆ ಇರುವಾಗ ಅಂಥ ಕೋಣೆ ಆ ಮನೆಯಲ್ಲಿ ಇದ್ದದ್ದು ಅದೊಂದೇ.

ಐವತ್ತೆರಡು ವರ್ಷದ ಗಂಡಸಿಗೆ ಪರೀಕ್ಷೆ ಯಾಕೆ ಬಂತು ಎಂಬುದನ್ನು ಮೊದಲು ಹೇಳಿಬಿಡಬೇಕು. ಉತ್ತಯ್ಯ ಹೊನ್ನೆಮೊಟ್ಟೆ ಎಸ್ಟೇಟಿನ ರೈಟರ್. ರೈಟರ್ ಎಂದರೆ ಕಥೆ ಕವನ ಬರೆಯುವವನಲ್ಲ. ಬೆಳಿಗ್ಗೆ ಆಳುಗಳ ಹಾಜರಿ ಕೂಗುವವನು, ಯಾರು ಯಾವ ತೋಟಕ್ಕೆ ಎಂದು ಹಂಚುವವನು, ಪಿಕಿಂಗ್ ಕಾಲದಲ್ಲಿ ಕಾಫಿಹಣ್ಣಿನ ಚೀಲ ತೂಗಿ ಬರೆದುಕೊಳ್ಳುವವನು. ಇಪ್ಪತ್ತಾರು ವರ್ಷ ಈ ಕೆಲಸ ಮಾಡಿದ ಮೇಲೆ ಊರಿನವರಿಗೆ ಅವನ ಹೆಸರೇ ಮರೆತು ಬರೀ ‘ರೈಟ್ರು’ ಉಳಿದಿತ್ತು. ಅವನಿಗೂ ಅದೇ ಇಷ್ಟ. ಮೊದಲಿನ ಸಾವ್ಕಾರ್ರು ಅವನನ್ನು ಕೇಳುತ್ತಿದ್ದದ್ದು ಎರಡೇ ಪ್ರಶ್ನೆ: ಮಳೆ ಬಂತಾ, ಆಳು ಬಂತಾ. ಮೂರು ವರ್ಷದ ಹಿಂದೆ ಅವರು ತೋಟವನ್ನು ಮುಂಬೈಯ ಒಂದು ಕಂಪನಿಗೆ ಮಾರಿದರು. ಕಂಪನಿ ಮೊದಲ ದಿನವೇ ಬಯೋಡೇಟಾ ಕೇಳಿತು.

ಕಂಪನಿಯ ಮ್ಯಾನೇಜರು ದಿಗಂತ್ ಎಂಬ ಇಪ್ಪತ್ತೊಂಬತ್ತು ವರ್ಷದ ಯುವಕ. ಕೆಟ್ಟವನಲ್ಲ. ಆದರೆ ಯಾವ ಮಾತನ್ನೂ ಕಂಪ್ಯೂಟರಿನಲ್ಲಿ ನೋಡಿಕೊಳ್ಳದೆ ಆಡುವವನಲ್ಲ. ಅವನು ಉತ್ತಯ್ಯನನ್ನು ಕೂರಿಸಿ ವಿಷಯ ಹೇಳಿದ. ನಮ್ಮ ಕಾಫಿ ಹೊರದೇಶಕ್ಕೆ ಹೋಗುತ್ತದೆ, ಅಲ್ಲಿನವರು ಆಡಿಟ್ ಮಾಡಿಸುತ್ತಾರೆ, ಜವಾಬ್ದಾರಿಯ ಜಾಗದಲ್ಲಿ ಇರುವವರೆಲ್ಲ ಪದವೀಧರರಾಗಿರಬೇಕು. ಮೂರು ವರ್ಷ ಅವಕಾಶ ಇದೆ. ಆಗಲಿಲ್ಲವಾದರೆ ಬೇರೆ ರೈಟರ್ ಬರುತ್ತಾರೆ.

“ಆಗ ನಾನು?” ಎಂದು ಉತ್ತಯ್ಯ ಕೇಳಿದ.

“ನಿಮ್ಮನ್ನ ಬಿಡೋದಿಲ್ಲ ಉತ್ತಯ್ಯ. ಫೀಲ್ಡಲ್ಲಿ ಏನಾದ್ರೂ ನೋಡೋಣ. ಸ್ಪ್ರೇಯಿಂಗ್‌ಗೆ ಜನ ಕಮ್ಮಿ ಇದ್ದಾರೆ.”

ಇಪ್ಪತ್ತಾರು ವರ್ಷ ಯಾರ ಹೆಸರು ಕೂಗಿದ್ದನೋ ಅವರ ಸಾಲಿನಲ್ಲೇ ಬೆನ್ನಿಗೆ ಔಷಧಿ ಪಂಪು ಕಟ್ಟಿಕೊಂಡು ನಿಂತು, ಇನ್ಯಾರೋ ತನ್ನ ಹೆಸರು ಕೂಗುವುದನ್ನು ಕೇಳುವುದು. ಆ ಚಿತ್ರ ಕಣ್ಣಮುಂದೆ ಬಂದದ್ದೇ ಉತ್ತಯ್ಯನಿಗೆ ಅನ್ನ ಸೇರದಾಯಿತು. ಎರಡು ದಿನ ಹಾಗೇ ಕಳೆದ ಮೇಲೆ ಮೊಬೈಲಿನಲ್ಲಿ ಒಂದು ಜಾಹೀರಾತು ಕಂಡಿತು. ಸುವರ್ಣಶಿಖರ ಗ್ಲೋಬಲ್ ಆನ್‌ಲೈನ್ ವಿಶ್ವವಿದ್ಯಾಲಯ, ಮನೆಯಲ್ಲೇ ಕೂತು ಪದವಿ, ಪ್ಲಾಂಟೇಶನ್ ಮ್ಯಾನೇಜ್‌ಮೆಂಟಿನಲ್ಲಿ ಬಿ.ಬಿ.ಎ. ಟೊಪ್ಪಿಗೆ ಹಾಕಿಕೊಂಡ ಒಬ್ಬ ಬಿಳಿಯ ಹುಡುಗಿ ಅದರಲ್ಲಿ ನಗುತ್ತಿದ್ದಳು. ಅವಳ ಹಿಂದೆ ಇದ್ದದ್ದು ಚಹಾ ತೋಟ. ಅದನ್ನು ಉತ್ತಯ್ಯ ದೊಡ್ಡ ಮನಸ್ಸು ಮಾಡಿ ಕ್ಷಮಿಸಿದ.

ಮನೆಯಲ್ಲಿ ಅವನ ಸೋದರತ್ತೆ ಬೊಳ್ಳಮ್ಮ ಇದ್ದಳು. ಎಂಬತ್ತು ದಾಟಿದವಳು, ಕೊಡಗಿನ ಅರೆಭಾಷೆ ಬಿಟ್ಟು ಬೇರೆ ಆಡುವವಳಲ್ಲ.

“ಕಾಲೇಜ್ ಎಲ್ಲಿ ಉಟ್ಟು?” ಎಂದಳು.

“ಎಲ್ಲೂ ಇಲ್ಲ ಅತ್ತೆ. ಆನ್‌ಲೈನು.”

“ಕಟ್ಟಡ?”

“ಇಲ್ಲ.”

“ಮಾಷ್ಟ್ರು?”

“ಫೋನಲ್ಲಿ ಬರ್ತಾರೆ.”

“ಫೀಸು?”

“ಅದು ಉಂಟು.”

ಬೊಳ್ಳಮ್ಮ ಎಲೆಅಡಿಕೆ ಬಾಯಿಗೆ ಹಾಕಿಕೊಂಡು ಅಳಿಯನ ಮುಖವನ್ನೇ ಬಹಳ ಹೊತ್ತು ನೋಡಿದಳು. ಹೆಂಡತಿ ಪೊನ್ನಮ್ಮ ಮಾತ್ರ, ಆ ಫೀಸಿನಲ್ಲಿ ದನದ ಕೊಟ್ಟಿಗೆಗೆ ಹೊಸ ಶೀಟು ಬರುತ್ತಿತ್ತು ಎಂದಳು. ಆ ಮಾತನ್ನು ಮೂರು ವರ್ಷದಲ್ಲಿ ಪ್ರತಿ ಮಳೆಗೂ ಒಂದು ಸಲ ಹೇಳಿದಳು. ಕೊಡಗಿನಲ್ಲಿ ಎಷ್ಟು ಮಳೆ ಬರುತ್ತದೆ ಎಂದು ಗೊತ್ತಿರುವವರು ಲೆಕ್ಕ ಹಾಕಿಕೊಳ್ಳಬಹುದು.

ಉತ್ತಯ್ಯ ಎರಡು ಕೆಲಸ ಮಾಡಿದ. ಒಂದು, ಗೇಟಿಗೆ ‘ಉತ್ತಯ್ಯ, ಬಿ.ಬಿ.ಎ.’ ಎಂದು ಬೋರ್ಡು ಬರೆಸಿದ. ಇನ್ನೂ ಪಾಸಾಗಿಲ್ಲವಲ್ಲ ಎಂದು ನೆರೆಮನೆಯ ಲೋಕೇಶ ಆಕ್ಷೇಪ ಎತ್ತಿದ ಮೇಲೆ ಕೆಳಗೆ ಸಣ್ಣ ಅಕ್ಷರದಲ್ಲಿ ‘ಓದುತ್ತಿದ್ದಾರೆ’ ಎಂದು ಸೇರಿಸಿದ. ಅದನ್ನು ಕಂಡು ಒಬ್ಬ ಮೀನಿನ ವ್ಯಾಪಾರಿ ಮೂರು ವಾರ ಆ ಗೇಟಿನ ಮುಂದೆ ಹಾರ್ನ್ ಹೊಡೆಯದೆ ಹೋಗುತ್ತಿದ್ದ. ಎರಡನೆಯದು, ಅವನು ಪಾಠ ಓದಲು ಶುರುಮಾಡಿದ.

ಇಲ್ಲೇ ಅವನು ಎಡವಿದ್ದು. ಸುವರ್ಣಶಿಖರದಲ್ಲಿ ಯಾರೂ ಪಾಠ ಓದುವುದಿಲ್ಲ ಎಂಬುದು ಅವನಿಗೆ ಗೊತ್ತಿರಲಿಲ್ಲ. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು, ಕಪ್ಪು ಕಾಫಿ ಕುಡಿದು, ಎಂಬತ್ತನಾಲ್ಕು ಪಾಠಗಳನ್ನು ಒಂದೊಂದಾಗಿ ನೋಡಿದ, ಅರ್ಥವಾಗದ್ದನ್ನು ಹಿಂದಕ್ಕೆ ತಿರುಗಿಸಿ ಮತ್ತೆ ನೋಡಿದ, ನೋಟ್ಸ್ ಬರೆದ. ಹಾಜರಿಗೆ ಹೋಗಿ ಅದನ್ನು ಆಳುಗಳ ಮೇಲೆ ಪ್ರಯೋಗಿಸಿದ. ‘ಕಾರ್ಮಿಕರ ಪ್ರೇರಣೆ’ ಎಂಬ ಪಾಠ ಮುಗಿದ ದಿನ, ಲೈನಿನಲ್ಲಿ, ಎಂದರೆ ಎಸ್ಟೇಟಿನ ಆಳುಗಳ ಸಾಲುಮನೆಯಲ್ಲಿ, ಇರುವ ಗಂಗೆಯನ್ನು ಕರೆದು ಕೇಳಿದ:

“ಗಂಗೆ, ಮುಂದಿನ ಐದು ವರ್ಷದಲ್ಲಿ ನಿನ್ನ ಗುರಿ ಎಂತ?”

ಗಂಗೆ ಹಿಂದೆ ತಿರುಗಿ ನೋಡಿದಳು, ಇನ್ಯಾರನ್ನೋ ಕೇಳುತ್ತಿದ್ದಾರೆ ಎಂದು. “ನಂದಾ ರೈಟ್ರೇ?”

“ನಿಂದೇ.”

“ನಾಳೆ ಲೈನಿನ ನಲ್ಲೀಲಿ ನೀರು ಬಂದ್ರೆ ಸಾಕು. ಐದು ವರ್ಷದ್ದು ಆಮೇಲೆ ನೋಡುವ.”

ಪಾಠದಲ್ಲಿ ‘ಉತ್ತರವನ್ನು ದಾಖಲಿಸಿ’ ಎಂದಿತ್ತು. ಉತ್ತಯ್ಯ ದಾಖಲಿಸಿದ. ಉಳಿದವರನ್ನೂ ಕೇಳಿ ಬರೆದುಕೊಂಡ. ಇಪ್ಪತ್ತಾರು ವರ್ಷದಲ್ಲಿ ಅವರನ್ನು ‘ಬಂದ್ಯಾ’ ಎಂಬುದೊಂದನ್ನು ಬಿಟ್ಟು ಬೇರೇನೂ ಕೇಳಿರಲಿಲ್ಲ ಎಂಬುದು ಬರೆಯುತ್ತಾ ಬರೆಯುತ್ತಾ ಅವನಿಗೇ ಹೊಳೆಯಿತು, ನಾಚಿಕೆಯೂ ಆಯಿತು. ಆ ನೋಟ್‌ಬುಕ್ಕು ದಪ್ಪವಾಗುತ್ತಾ ಹೋಯಿತು.

ಹೀಗೆ ಐದು ಸೆಮಿಸ್ಟರು ಪೇಟೆಯ ಕಂಪ್ಯೂಟರ್ ಅಂಗಡಿಯಲ್ಲಿ ಕೂತು ಪಾಸಾದ. ಕಡೆಯ ಸೆಮಿಸ್ಟರಿನ ಕಡೆಯ ಪೇಪರು ಬಂದದ್ದು ಸೆಪ್ಟೆಂಬರ್ ಮೂರಕ್ಕೆ. ಆಯುಧಗಳಿಗೆ ಪೂಜೆ ಮಾಡುವ ಕೈಲ್‌ಮುಹೂರ್ತ ಎಂಬ ಹಬ್ಬ ಪ್ರಪಂಚದಲ್ಲಿ ಇದೆ ಎಂದು ಆ ವಿಶ್ವವಿದ್ಯಾಲಯಕ್ಕೆ ತಿಳಿಸಿದವರಿಲ್ಲ. ಪೇಟೆಯ ಅಂಗಡಿ ಹಬ್ಬಕ್ಕೆ ಬಾಗಿಲು ಹಾಕಿತ್ತು. ನೆಂಟರ ಲ್ಯಾಪ್‌ಟಾಪ್ ಒಂದು ಸಿಕ್ಕಿತು, ದೇವರ ಕೋಣೆ ನಿಗದಿಯಾಯಿತು.

ಪರೀಕ್ಷೆಯ ನಿಯಮಗಳು ಹತ್ತೊಂಬತ್ತು. ಉತ್ತಯ್ಯ ಅವನ್ನು ಒಂದೊಂದಾಗಿ ಪಾಲಿಸಿದ. ಕೋಣೆಯಲ್ಲಿ ಮುದ್ರಿತ ಅಕ್ಷರ ಇರಬಾರದು: ಕ್ಯಾಲೆಂಡರ್ ತೆಗೆದ. ಗಡಿಯಾರ ಇರಬಾರದು: ತೆಗೆದ. ಇನ್ನೊಬ್ಬ ಮನುಷ್ಯನ ಮುಖ ಕಾಣಬಾರದು: ಅಪ್ಪ, ಅಜ್ಜ, ಮುತ್ತಜ್ಜನ ಫೋಟೋಗಳನ್ನು ಗೋಡೆಯ ಕಡೆಗೆ ತಿರುಗಿಸಿದ.

“ಹಬ್ಬದ ದಿನ ಹಿರಿಯರನ್ನ ಗೋಡೆಗೆ ಮುಖ ಮಾಡಿ ನಿಲ್ಸಿದ್ದೀರಲ್ಲ, ನಾಳೆ ಅವ್ರಿಗೆ ಎಂತ ಹೇಳ್ತೀರಿ?” ಎಂದು ಪೊನ್ನಮ್ಮ ಕೇಳಿದಳು.

“ಕಾಪಿ ಹೊಡೀಲಿಲ್ಲ ಅಂತ ಹೇಳ್ತೇನೆ,” ಎಂದ ಉತ್ತಯ್ಯ.

ಹತ್ತೊಂಬತ್ತು ನಿಯಮಗಳಲ್ಲಿ ಕೋವಿಯ ಬಗ್ಗೆ ಒಂದಕ್ಷರವೂ ಇರಲಿಲ್ಲ. ಹಾಗಾಗಿ ದೀಪದ ಪಕ್ಕದಲ್ಲಿ, ನಳಿಗೆಯ ಬಾಯಿಗೆ ಹಬ್ಬದ ಕೆಂಪು ಹಳದಿ ಹೂ ಸಿಕ್ಕಿಸಿ, ಗಂಧ ಹಚ್ಚಿ ನಿಲ್ಲಿಸಿದ್ದ ಒಂಟಿ ನಳಿಗೆಯ ಕೋವಿ ಅಲ್ಲೇ ಇತ್ತು. ಅದರ ಎರಡು ಪಕ್ಕದಲ್ಲಿ ಎರಡು ಕತ್ತಿಗಳೂ ಇದ್ದವು. ತಲೆಮಾರಿನಿಂದ ಬಂದ ಜಮ್ಮಾ ಜಾಗ ಇರುವ ಮನೆ ಅದು, ಕೋವಿಗೆ ಲೈಸೆನ್ಸಿನ ತಂಟೆ ಇಲ್ಲ. ಹುಟ್ಟಿದಾಗಿನಿಂದ ಅದನ್ನು ಆ ಮೂಲೆಯಲ್ಲಿ ಕಂಡವನಿಗೆ ಅದು ಅಲ್ಲಿದೆ ಎಂಬುದೇ ಕಾಣುವುದಿಲ್ಲ. ಉಳಿದವರು ಪೂಜೆ ಮುಗಿಸಿ ತಂತಮ್ಮ ಕೋವಿ ಹಿಡಿದು ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಕ್ಕೆ ಕೆಳಗಿನ ಗದ್ದೆಗೆ ಹೋಗಿದ್ದರು. ಉತ್ತಯ್ಯನದು ಅವನಿಗಾಗಿ ಕಾಯುತ್ತಿತ್ತು.

ಪರೀಕ್ಷೆ ನೋಡಿಕೊಳ್ಳುವವಳು ಪ್ರಿಯಾ ಎಂಬ ಹುಡುಗಿ, ಉತ್ತರ ಭಾರತದ ಯಾವುದೋ ಊರಿನಲ್ಲಿ ಕೂತು ಕ್ಯಾಮೆರಾದಲ್ಲಿ ಕಾವಲು ಕಾಯುವವಳು. ಅವಳ ಇಂಗ್ಲಿಷಿಗೂ ಉತ್ತಯ್ಯನ ಎಸ್ಟೇಟ್ ಇಂಗ್ಲಿಷಿಗೂ ಚೆನ್ನಾಗಿಯೇ ಹೊಂದಾಣಿಕೆ ಇತ್ತು. ಮೂವತ್ತು ಪ್ರಶ್ನೆ ಸರಾಗವಾಗಿ ಮುಗಿದವು. ಮೂವತ್ತೊಂದನೆಯದಕ್ಕೆ ಉತ್ತಯ್ಯ ಯೋಚಿಸುತ್ತಾ ಸ್ವಲ್ಪ ಪಕ್ಕಕ್ಕೆ ವಾಲಿದ. ಆಗ ಅವಳಿಗೆ ಹಿಂದಿನದು ಕಂಡಿತು.

“ಸರ್, ನಿಮ್ಮ ಹಿಂದೆ ಇರುವುದು ಏನು?”

“ದೇವರು.”

“ಅದರ ಪಕ್ಕದಲ್ಲಿ?”

“ಗನ್,” ಎಂದ ಉತ್ತಯ್ಯ, ದೀಪ ಎನ್ನುವ ಧಾಟಿಯಲ್ಲೇ.

ಅಷ್ಟು ಹೊತ್ತಿಗೆ ಗದ್ದೆಯಲ್ಲಿ ಢಂ ಎಂದಿತು. ಪ್ರಿಯಾ ಕುರ್ಚಿಯಿಂದ ಅರ್ಧ ಎದ್ದಳು. “ಸರ್, ಅದೇನು ಶಬ್ದ?”

“ತೆಂಗಿನಕಾಯಿ.”

ಇನ್ನೊಂದು ಢಂ ಎಂದಿತು.

“ಅದೂ ತೆಂಗಿನಕಾಯಿ,” ಎಂದ ಉತ್ತಯ್ಯ. ಸತ್ಯವನ್ನೇ ಹೇಳಿದ್ದ.

“ಸರ್, ಆ ಗನ್ನಿನಲ್ಲಿ ಗುಂಡು ಇದೆಯೇ?” ಹುಡುಗಿಯ ದನಿ ನಡುಗುತ್ತಿತ್ತು. ಉತ್ತಯ್ಯನಿಗೆ ಅವಳ ಮೇಲೆ ಕನಿಕರ ಹುಟ್ಟಿತು. ಪಾಪ, ಕೋವಿ ಕಂಡು ಗೊತ್ತಿಲ್ಲದ ಊರಿನವಳು, ಸಮಾಧಾನ ಮಾಡಬೇಕು ಅನಿಸಿತು. ಎದ್ದು ಕೋವಿ ತೆಗೆದುಕೊಂಡ, ಬಾಯಿಯ ಹೂ ತೆಗೆದಿಟ್ಟ, ಮಡಚಿ ತೆರೆದ, ಒಳಗೆ ಗುಂಡಿಲ್ಲ ಎಂದು ತೋರಿಸಲು, ಆಚೆಯಿಂದ ಈಚೆಗೆ ಬೆಳಕು ಕಾಣಲಿ ಎಂದು ನಳಿಗೆಯ ಬಾಯಿಯನ್ನು ನೇರವಾಗಿ ಕ್ಯಾಮೆರಾಕ್ಕೆ ಹಿಡಿದ.

“ನೋಡಿ,” ಎಂದ.

ಪರದೆ ಕಪ್ಪಾಯಿತು. ಉತ್ತಯ್ಯ ಕರೆಂಟು ಹೋಯಿತೆಂದುಕೊಂಡು ಹತ್ತು ನಿಮಿಷ ಹಾಗೇ ಕೂತಿದ್ದ. ಆಮೇಲೆ ಈಮೇಲ್ ಬಂತು: ವಿದ್ಯಾರ್ಥಿಯು ಬಂದೂಕು ತೋರಿಸಿ ಪರೀಕ್ಷಕಿಯನ್ನು ಬೆದರಿಸಿದ್ದಾನೆ, ಪೊಲೀಸರಿಗೆ ತಿಳಿಸಲಾಗಿದೆ.

ಮಧ್ಯಾಹ್ನ ಮೂರು ಗಂಟೆಗೆ ಜೀಪು ಬಂತು. ಹೆಡ್ ಕಾನ್‌ಸ್ಟೆಬಲ್ ಆನಂದ್ ಇಳಿದ. ಹಬ್ಬದ ದಿನ ಡ್ಯೂಟಿಗೆ ಸಿಕ್ಕಿಕೊಂಡ ಸಿಟ್ಟು ಅವನಿಗೆ ಬೆಳಗಿನಿಂದಲೇ ಇತ್ತು. ಅಡುಗೆಮನೆಯ ವಾಸನೆ ಮೂಗಿಗೆ ಬಡಿದ ಮೇಲೆ ಸಿಟ್ಟು ಸ್ವಲ್ಪ ಇಳಿಯಿತು. ಪೊನ್ನಮ್ಮ ಕೇಳದೆಯೇ ಎಲೆ ಹಾಕಿ ಕಡುಬು, ಹಂದಿ ಸಾರು ಬಡಿಸಿದಳು. ಆನಂದ್ ಎಡಗೈಯಲ್ಲಿ ಕಾಗದ ಹಿಡಿದುಕೊಂಡು ವಿಚಾರಣೆ ಆರಂಭಿಸಿದ.

“ಉತ್ತಯ್ಯಣ್ಣ, ನೀವು ಯಾವ್ದೋ ಹುಡುಗಿಗೆ ಕೋವಿ ತೋರ್ಸಿದ್ರಂತೆ.”

“ತೋರ್ಸಿದೆ. ಗುಂಡು ಉಂಟಾ ಅಂತ ಕೇಳಿದ್ಳು, ಇಲ್ಲ ಅಂತ ತೋರ್ಸಿದೆ.”

“ಎಷ್ಟು ದೂರದಿಂದ?”

“ಎರಡು ಸಾವಿರ ಕಿಲೋಮೀಟರ್ ಇರ್ಬೋದು.”

“ನಿಮ್ಮ ಕೋವಿ ಎಷ್ಟು ದೂರ ಹೊಡೀತದೆ?”

“ಐವತ್ತು ಗಜ. ಅದೂ ಮಳೆಗಾಲದಲ್ಲಿ ಡೌಟು.”

ಆನಂದ್ ಕಡುಬು ಮುರಿದು ಸಾರಿನಲ್ಲಿ ಅದ್ದಿ ತಿಂದ. ಕೈ ತೊಳೆದು ಬಂದು ಬರೆಯತೊಡಗಿದ. ಬರೆಯುವಾಗ ಓದಿಕೊಳ್ಳುವ ಅಭ್ಯಾಸ ಅವನಿಗೆ. “ಆಯುಧ, ಒಂದು. ಗುಂಡು, ಇಲ್ಲ. ಹೂವು, ಉಂಟು. ಉದ್ದೇಶ...” ಅಲ್ಲಿ ನಿಲ್ಲಿಸಿ ಉತ್ತಯ್ಯನ ಮುಖ ನೋಡಿದ. “ಉದ್ದೇಶ ಎಂತ ಬರೀಲಿ?”

“ಬಿ.ಬಿ.ಎ.”

“ಉದ್ದೇಶ, ಬಿ.ಬಿ.ಎ.,” ಎಂದು ಬರೆದು ಆನಂದ್ ಸಹಿ ಹಾಕಿದ.

ಪೊಲೀಸರ ಮಟ್ಟಿಗೆ ವಿಷಯ ಅಲ್ಲಿಗೆ ಮುಗಿಯಿತು. ಊರಿನ ಮಟ್ಟಿಗೆ ಆಗಷ್ಟೇ ಶುರುವಾಯಿತು. ಸಂಜೆಯ ಹೊತ್ತಿಗೆ ಪೇಟೆಯ ಕ್ಷೌರದಂಗಡಿಯ ಮಾತಿನಲ್ಲಿ ಉತ್ತಯ್ಯ ಕಂಪ್ಯೂಟರಿಗೆ ಗುಂಡು ಹೊಡೆದಿದ್ದ. ಮಾರನೇ ಬೆಳಿಗ್ಗೆ ಬಾಳೆಲೆ ಊರಿಗೆ ಹೋಗುವ ಬಸ್ಸಿನಲ್ಲಿ ಅವನು ವಿಶ್ವವಿದ್ಯಾಲಯಕ್ಕೇ ನುಗ್ಗಿದ್ದ. ಆ ವಿಶ್ವವಿದ್ಯಾಲಯಕ್ಕೆ ಕಟ್ಟಡವೇ ಇಲ್ಲ, ನುಗ್ಗುವುದು ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ. ಶ್ರೀಮಂಗಲದ ಕಡೆಯ ದೂರದ ನೆಂಟರೊಬ್ಬರು ಫೋನು ಮಾಡಿ, ಜಾಮೀನಿಗೆ ಯಾರಾದರೂ ಬೇಕಿದ್ದರೆ ಹಿಂಜರಿಯಬೇಡಿ ಎಂದರು.

ಎರಡನೇ ದಿನ ಲೋಕೇಶ ಬಂದ. ಬಂದವನು ಅಂಗಳದಲ್ಲಿ ನಿಂತು, ಆ ಕಡೆ ಈ ಕಡೆ ನೋಡಿ, ದನಿ ತಗ್ಗಿಸಿದ.

“ಭಾವ, ನನ್ನ ಮಗಳಿಗೆ ಕೆಮಿಸ್ಟ್ರಿ ಒಂದು ಬಾಕಿ ಉಂಟು.”

“ಹೇಳಿಕೊಡ್ಬೇಕಾ? ಕೆಮಿಸ್ಟ್ರಿ ನಂಗೆ ಬರೋದಿಲ್ಲ ಲೋಕೇಶ.”

“ಹೇಳಿಕೊಡೋದು ಬೇಡ. ನಿಮ್ಮ ಕೋವಿ ಒಂದು ದಿನಕ್ಕೆ ಕೊಟ್ರೆ ಸಾಕು.”

ಉತ್ತಯ್ಯ ಅವನನ್ನು ಗೇಟಿನ ತನಕ ಓಡಿಸಿಕೊಂಡು ಹೋದ. ಲೋಕೇಶ ಬೇಜಾರು ಮಾಡಿಕೊಂಡು, ತಾವು ಪಾಸಾದ ಮೇಲೆ ನೆರೆಯವರ ನೆನಪು ಯಾರಿಗೂ ಇರುವುದಿಲ್ಲ ಎಂದು ಎಲ್ಲರೆದುರು ಹೇಳಿಕೊಂಡು ತಿರುಗಿದ. ಪಾಸೆಲ್ಲಿ ಆದೆ, ಅರ್ಧ ಪರೀಕ್ಷೆಗೆ ಪರದೆ ಕಪ್ಪಾಯಿತಲ್ಲ ಎಂದುಕೊಂಡು ಉತ್ತಯ್ಯ ಕ್ಯಾಲೆಂಡರ್ ಹಿಡಿದು ದಿನ ಎಣಿಸಿದ. ಆಡಿಟ್ಟಿಗೆ ಇನ್ನು ಹದಿನೈದು ದಿನ ಇತ್ತು.

ಐದನೇ ದಿನ ಫೋನು ಬಂತು. ಆ ಹೊತ್ತಿಗೆ ಜಗಲಿಯಲ್ಲಿ ಪೊನ್ನಮ್ಮ, ಬೊಳ್ಳಮ್ಮ, ರಾಜಿ ಮಾಡಿಕೊಳ್ಳಲು ಬಂದ ಲೋಕೇಶ, ವಿಚಾರ ಎಲ್ಲಿಗೆ ಬಂತೆಂದು ಕೇಳಲು ಬಂದ ದಿಗಂತ್ ಎಲ್ಲರೂ ಇದ್ದರು. ಫೋನಿನ ಸ್ಪೀಕರ್ ಹಾಕದಿದ್ದರೆ ಇವರು ಬಿಡುತ್ತಿರಲಿಲ್ಲ.

“ಸರ್ ನಮಸ್ಕಾರ, ನಾನು ಸುವರ್ಣಶಿಖರದ ವಿದ್ಯಾರ್ಥಿ ಸಂತೃಪ್ತಿ ವಿಭಾಗದಿಂದ ಕವನಾ ಮಾತಾಡ್ತಿರೋದು,” ಎಂದಿತು ಸ್ಪಷ್ಟವಾದ ಕನ್ನಡದಲ್ಲಿ ಒಂದು ಹೆಣ್ಣು ದನಿ. “ಸರ್, ನಿಮಗೆ ನಮ್ಮ ಮೇಲೆ ಕೋಪ ಇಲ್ಲ ತಾನೇ?”

“ಕೋಪ ಇಲ್ಲ. ಪರೀಕ್ಷೆ ಬಾಕಿ ಉಂಟು.”

“ಅದಕ್ಕೇ ಫೋನ್ ಮಾಡಿದ್ದು ಸರ್. ನಮ್ಮ ಮ್ಯಾನೇಜ್‌ಮೆಂಟ್ ತುಂಬ ಯೋಚನೆ ಮಾಡ್ತು. ನೀವು ಇನ್ನೊಂದು ಸಲ ಪರೀಕ್ಷೆ ಬರೆಯೋದು ಬೇಡ. ಯಾರಿಗೂ ತೊಂದ್ರೆ ಬೇಡ. ನಿಮಗೆ ಎಂಬತ್ತೈದು ಪರ್ಸೆಂಟ್ ಕೊಟ್ಟಿದ್ದೀವಿ. ಡಿಸ್ಟಿಂಕ್ಷನ್ ಸರ್, ಕಂಗ್ರಾಜುಲೇಶನ್ಸ್.”

ಜಗಲಿಯಲ್ಲಿ ಎಲ್ಲರ ಮುಖವೂ ಅರಳಿತು. ಲೋಕೇಶ ‘ನಾನು ಹೇಳ್ಲಿಲ್ವಾ’ ಎಂಬಂತೆ ಸುತ್ತ ನೋಡಿದ. ದಿಗಂತ್ ಹೆಬ್ಬೆರಳು ಎತ್ತಿ ತೋರಿಸಿದ.

ಉತ್ತಯ್ಯನ ಮುಖ ಮಾತ್ರ ಗಂಟಿಕ್ಕಿತು. “ನಾನು ಮೂವತ್ತೊಂದನೇ ಪ್ರಶ್ನೆ ತನಕ ಮಾತ್ರ ಬರ್ದದ್ದು ಮೇಡಂ. ಅರವತ್ತು ಇತ್ತು.”

“ಪರ್ವಾಗಿಲ್ಲ ಸರ್, ಬಾಕಿದು ನಾವು ನೋಡ್ಕೊಳ್ತೀವಿ.”

“ನನ್ನ ಪರೀಕ್ಷೆ ನೀವ್ಯಾಕೆ ನೋಡ್ಕೊಳ್ಳೋದು?”

ಕವನಾ ದನಿ ಇಳಿಸಿ, ವಿಭಾಗದ ಮಾತು ಬಿಟ್ಟು ಮನುಷ್ಯರ ಮಾತಿಗೆ ಬಂದಳು. “ಸರ್, ನಿಜ ಹೇಳ್ತೀನಿ. ಪರೀಕ್ಷೆ ಬೇಡ ಅಂದ್ರೆ ಬೇಜಾರು ಮಾಡ್ಕೊಂಡವರನ್ನ ನಾನು ಇವತ್ತೇ ನೋಡ್ತಿರೋದು. ನಮ್ಮಲ್ಲಿ ಪಾಠದ ವಿಡಿಯೋ ಎಲ್ಲಾನೂ ಕಡೇ ತನಕ ನೋಡಿದವರು ನೀವೊಬ್ರೇ. ನಮ್ಮ ಸಿಸ್ಟಮ್ಮು ನಿಮ್ಮನ್ನ ರೋಬೋಟ್ ಅಂದ್ಕೊಂಡು ಎರಡು ಸಲ ಬ್ಲಾಕ್ ಮಾಡಿತ್ತು.”

ಉತ್ತಯ್ಯ ಎದ್ದು ನಿಂತ. ಮೂರು ವರ್ಷ ಬೆಳಗಿನ ಜಾವ ನಾಲ್ಕೂವರೆಗೆ ಎದ್ದದ್ದೆಲ್ಲ ಅವನಿಗೆ ನೆನಪಾಯಿತು. ಓದದವರಿಗೂ ಅದೇ ಕಾಗದ, ಓದಿದವನಿಗೂ ಅದೇ ಕಾಗದ. ಅದೂ ಈಗ ಓದಿದ್ದಕ್ಕಲ್ಲ, ಹೆದರಿಕೆಗೆ. ಅವನಿಗೆ ಸಿಟ್ಟು ನೆತ್ತಿಗೇರಿತು.

“ಮೇಡಂ, ಆ ಮಾರ್ಕು ನನಗೆ ಬಂದದ್ದಲ್ಲ. ನನ್ನ ಕೋವಿಗೆ ಬಂದದ್ದು. ಕೋವಿ ಒಂದು ಪಾಠಾನೂ ಓದಿಲ್ಲ, ಅದಕ್ಕೆ ಡಿಸ್ಟಿಂಕ್ಷನ್ ಬೇಡ. ನನಗೆ ಆ ಅರವತ್ತು ಪ್ರಶ್ನೆ ಕೊಡಿ. ಫೇಲಾದ್ರೆ ಫೇಲು ಅಂತ ಬರ್ದು ಕೊಡಿ.”

“ಸರ್, ಸರ್ಟಿಫಿಕೇಟು ಆಗ್ಲೇ ಮೇಲ್ ಆಗಿದೆ...”

“ವಾಪಸ್ ತಗೊಳ್ಳಿ,” ಎಂದು ಫೋನು ಇಟ್ಟ.

ಜಗಲಿಯಲ್ಲಿ ಗದ್ದಲ ಎದ್ದಿತು. ಕೈಗೆ ಬಂದದ್ದನ್ನು ಯಾರಾದರೂ ಬಿಡುತ್ತಾರಾ ಎಂದ ಲೋಕೇಶ. ಕೊಟ್ಟಿಗೆಯ ಶೀಟಂತೂ ಹೋಯಿತು, ಇನ್ನು ಕೆಲಸವೂ ಹೋಗಲಿ ಎಂದಳು ಪೊನ್ನಮ್ಮ, ಕಣ್ಣಲ್ಲಿ ನೀರು ತಂದುಕೊಂಡು. ದಿಗಂತ್ ನಿಧಾನವಾಗಿ, ಮಕ್ಕಳಿಗೆ ಹೇಳುವಂತೆ ಹೇಳಿದ:

“ಉತ್ತಯ್ಯ, ಅವರಿಗೆ ಬೇಕಾಗಿರೋದು ಫೈಲಲ್ಲಿ ಒಂದು ಹಾಳೆ. ನೀವು ಓದಿದ್ರಾ ಇಲ್ವಾ ಅಂತ ಯಾರೂ ಕೇಳೋದಿಲ್ಲ.”

“ಅದೇ ಸಾರ್ ನನ್ನ ತಕರಾರು,” ಎಂದ ಉತ್ತಯ್ಯ. “ಕೇಳ್ಬೇಕಲ್ಲ.”

ಬೊಳ್ಳಮ್ಮ ಮಾತ್ರ ಎಲೆಅಡಿಕೆಯ ತಟ್ಟೆಯನ್ನು ಅಳಿಯನ ಕಡೆಗೆ ತಳ್ಳಿದಳು. ಅವಳಿಗೆ ಏನು ಅರ್ಥವಾಗಿತ್ತೋ ಗೊತ್ತಿಲ್ಲ, ಆದರೆ ತಟ್ಟೆಯನ್ನು ಅವಳು ಯಾರ ಕಡೆಗೂ ಸುಮ್ಮನೆ ತಳ್ಳುವವಳಲ್ಲ.

ಆಡಿಟ್ಟಿನ ದಿನ ಬೆಂಗಳೂರಿನಿಂದ ಲಿಖಿತಾ ಎಂಬವರು ಬಂದರು. ಹಾಜರಿ ಕೂಗುವ ಶೆಡ್ಡಿನಲ್ಲೇ ಮೇಜು ಹಾಕಿದ್ದರು. ಆಳುಗಳು ಸಾಲಾಗಿ ನಿಂತಿದ್ದರು, ಉತ್ತಯ್ಯ ಮುಂದೆ. ಆ ಸರ್ಟಿಫಿಕೇಟು ಹೋದದ್ದು ಉತ್ತಯ್ಯನ ಮೇಲ್‌ಗೆ ಮಾತ್ರವಲ್ಲ, ‘ಉದ್ಯೋಗದಾತರು’ ಎಂಬ ಜಾಗದಲ್ಲಿ ಅವನೇ ಬರೆದುಕೊಟ್ಟಿದ್ದ ಆಫೀಸಿನ ಮೇಲ್‌ಗೂ. ದಿಗಂತ್ ಅದನ್ನು ಬಣ್ಣದಲ್ಲಿ ಪ್ರಿಂಟ್ ತೆಗೆಸಿ ಫೈಲಿಗೆ ಸೇರಿಸಿದ್ದ. ಲಿಖಿತಾ ಹಾಳೆ ತಿರುವುತ್ತಾ ಅದರ ಹತ್ತಿರ ನಿಂತರು.

“ರೈಟರ್ ಉತ್ತಯ್ಯ, ಬಿ.ಬಿ.ಎ., ಡಿಸ್ಟಿಂಕ್ಷನ್. ಚೆನ್ನಾಗಿದೆ. ಇದು ನಿಮ್ಮದೇ ಅಲ್ವಾ?”

ದಿಗಂತ್ ಕಣ್ಣಲ್ಲೇ ‘ಹೌದು ಅನ್ನಿ’ ಎನ್ನುತ್ತಿದ್ದ. ಒಂದು ‘ಹೌದು’ ಅಂದರೆ ಕುರ್ಚಿ ಉಳಿಯಿತು, ಹೆಸರು ಉಳಿಯಿತು, ಪೊನ್ನಮ್ಮನ ಕಣ್ಣೀರು ನಿಂತಿತು. ಆ ಒಂದು ಮಾತಿಗೆ ಉತ್ತಯ್ಯ ನಿಜವಾಗಿಯೂ ಆಸೆಪಟ್ಟ. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

“ಅಲ್ಲ ಮೇಡಂ,” ಎಂದ. “ಅದು ನಮ್ಮ ಕೋವಿದು. ನಾನು ಇನ್ನೂ ಬರ್ದು ಮುಗಿಸ್ಲಿಲ್ಲ.”

ಲಿಖಿತಾ ಕನ್ನಡಕ ತೆಗೆದರು. ಇಡೀ ಕಥೆಯನ್ನು ಹೇಳಬೇಕಾಯಿತು. ತೆಂಗಿನಕಾಯಿಯ ಹತ್ತಿರ ಬಂದಾಗ ಆ ಹೆಂಗಸು ಫೈಲಿನ ಹಿಂದೆ ಮುಖ ಮರೆಮಾಡಿಕೊಂಡರು. ಮುಗಿದ ಮೇಲೆ ಗಂಭೀರವಾಗಿ, “ಹಾಗಾದ್ರೆ ನಿಮಗೆ ಡಿಗ್ರಿ ಇಲ್ಲ,” ಎಂದರು.

“ಇಲ್ಲ. ಪಾಠ ಉಂಟು.”

“ಸರಿ. ಮುಂದಿನ ಪ್ರಶ್ನೆ. ಕಾರ್ಮಿಕರ ಅಹವಾಲು ಏನಾದ್ರೂ ಇದೆಯಾ?”

“ಇಲ್ಲ,” ಎಂದ ದಿಗಂತ್.

“ಉಂಟು,” ಎಂದ ಉತ್ತಯ್ಯ, ಬ್ಯಾಗಿನಿಂದ ದಪ್ಪ ನೋಟ್‌ಬುಕ್ಕು ತೆಗೆದು. “ಮೂವತ್ತೆಂಟನೇ ಪಾಠದಲ್ಲಿ ಕೇಳಿ ಬರ್ಕೊಳ್ಳಿ ಅಂತ ಇತ್ತು. ಬರ್ಕೊಂಡಿದ್ದೇನೆ.” ಲೈನಿನ ನೀರಿನಿಂದ ಶುರುಮಾಡಿ ಪಿಕಿಂಗ್ ತೋಟದಲ್ಲಿ ಹೆಂಗಸರಿಗೆ ಶೌಚಾಲಯ ಇಲ್ಲ ಎಂಬುದರ ತನಕ ಓದಿದ. ಸಾಲಿನಲ್ಲಿ ಮೊದಲು ಪಿಸುಮಾತು ಎದ್ದಿತು, ಆಮೇಲೆ ಗಂಗೆ ಗಟ್ಟಿಯಾಗಿ, “ಲೈನ್‌ಮನೆಯ ಸೋರುವ ಮಾಡು ಬಿಟ್ರಿ ರೈಟ್ರೇ,” ಎಂದಳು. ಅದನ್ನ ಬಿಡ್ಲಿಲ್ಲ, ಮುಂದಿನ ಪುಟದಲ್ಲಿ ಉಂಟು ಎಂದ ಉತ್ತಯ್ಯ. ಲಿಖಿತಾ ಒಂಬತ್ತು ಕೊರತೆಗಳನ್ನು ಪಟ್ಟಿ ಮಾಡಿದರು. ಹತ್ತನೆಯದು, ರೈಟರಿಗೆ ಪದವಿ ಇಲ್ಲ. ಎಲ್ಲವನ್ನೂ ಸರಿಪಡಿಸಲು ತೊಂಬತ್ತು ದಿನ.

ಅವರ ಕಾರು ಗೇಟು ದಾಟುವ ತನಕ ದಿಗಂತ್ ನಗುತ್ತಲೇ ಇದ್ದ. ಆಮೇಲೆ ಹೇಳಿದ: “ಒಂದು ಹೌದು ಅಂದಿದ್ರೆ ಎಲ್ಲಾ ಮುಗೀತಿತ್ತು.”

“ಮುಗೀತಿತ್ತು ಸಾರ್.”

“ಪಾಸಾಗಿ ಬರೋ ತನಕ ಹಾಜರಿ ಪುಸ್ತಕ ಮುಟ್ಬೇಡಿ. ನಾಳೆಯಿಂದ ಸ್ಪ್ರೇಯಿಂಗ್.”

ಯಾವುದಕ್ಕೆ ಹೆದರಿ ಮೂರು ವರ್ಷ ನಿದ್ದೆಗೆಟ್ಟಿದ್ದನೋ ಅದೇ ಬಂತು. ಮಾರನೇ ದಿನ ಉತ್ತಯ್ಯ ಬೆನ್ನಿಗೆ ಪಂಪು ಹಾಕಿಕೊಂಡು ಸಾಲಿನಲ್ಲಿ ನಿಂತ. ಹಾಜರಿ ಕೂಗಿದ್ದು ಸ್ವತಃ ದಿಗಂತ್, ಅರ್ಧದಷ್ಟು ಹೆಸರು ತಪ್ಪಾಗಿ. ಉತ್ತಯ್ಯನಿಗೆ ಸೊಂಟ ನೋವು ಬಂತು, ಮೈಲುತುತ್ತದ ಔಷಧಿಗೆ ಅಂಗೈ ನೀಲಿಯಾಯಿತು. ನಾಚಿಕೆ ಬರುತ್ತದೆ ಎಂದು ಕಾದ, ಅದು ಬರಲಿಲ್ಲ. ಪ್ರತಿ ಸಂಜೆ ಮನೆಗೆ ಬಂದು ಸ್ನಾನ ಮಾಡಿ ಸುವರ್ಣಶಿಖರಕ್ಕೆ ಒಂದೇ ಸಾಲಿನ ಮೇಲ್ ಕಳಿಸುತ್ತಿದ್ದ: ‘ನನ್ನ ಅರವತ್ತು ಪ್ರಶ್ನೆಗಳು ಎಲ್ಲಿ?’

ನಲವತ್ತೊಂದನೇ ಮೇಲ್‌ಗೆ ಅವರು ಸೋತರು. ಪರೀಕ್ಷೆ ಕೊಡುತ್ತೇವೆ, ಆದರೆ ಆಯುಧಗಳಿಲ್ಲದ ಜಾಗದಲ್ಲಿ, ಪೊಲೀಸರ ಸಮ್ಮುಖದಲ್ಲಿ ಎಂದು ಬರೆದರು. ಉತ್ತಯ್ಯ ಕಾಗದ ಹಿಡಿದು ಆನಂದನ ಹತ್ತಿರ ಹೋದ. ಆನಂದ್ ಓದಿ, “ಇಲ್ಲೇ ಬರೀರಿ,” ಎಂದ.

ಠಾಣೆಯಲ್ಲಿ ಕೋವಿಗಳಿದ್ದದ್ದು ಉತ್ತಯ್ಯನ ಮನೆಗಿಂತ ಎಷ್ಟೋ ಹೆಚ್ಚು. ಗೋಡೆಗೆ ಸಾಲಾಗಿ ನಿಲ್ಲಿಸಿದ್ದ ರೈಫಲ್ಲುಗಳ ಮೇಲೆ ಆನಂದ್ ಒಂದು ಹೂವಿನ ಚಿತ್ರದ ಬೆಡ್‌ಶೀಟ್ ಹೊದಿಸಿ, ಅದರ ಮುಂದೆ ತಾನು ಕುರ್ಚಿ ಹಾಕಿಕೊಂಡು ಕೂತ. ದೂರು ಕೊಡಲು ಬಂದವರನ್ನು ಎರಡು ಗಂಟೆ ಹೊರಗೆ ನಿಲ್ಲಿಸಿದ. ಪ್ರಿಯಾ ಪರದೆಯ ಮೇಲೆ ಬಂದು ಉತ್ತಯ್ಯನನ್ನು ಕಂಡು ಒಂದು ಕ್ಷಣ ಹಿಂದೆ ಸರಿದಳು. ಹಿಂದೆ ಖಾಕಿ ಕಂಡ ಮೇಲೆ ಅವಳಿಗೆ ಧೈರ್ಯ ಬಂತು. ಉತ್ತಯ್ಯ ಅವಳಿಗೆ ನಮಸ್ಕಾರ ಹೇಳಿ ಅರವತ್ತು ಪ್ರಶ್ನೆಗೂ ಉತ್ತರಿಸಿದ. ನಾಲ್ಕು ಪ್ರಶ್ನೆಗಳಲ್ಲಿ ಕಾಫಿಯ ಬಗ್ಗೆ ಕೊಟ್ಟ ಆಯ್ಕೆಗಳೆಲ್ಲ ತಪ್ಪು ಎಂದು ಕಡೆಯಲ್ಲಿ ಬರೆದು ತಿಳಿಸಿದ. ಅದಕ್ಕೆ ಮಾರ್ಕು ಸಿಗಲಿಲ್ಲ.

ಫಲಿತಾಂಶ ಬಂದದ್ದು ಆಡಿಟ್ಟಿನವರು ಕೊಟ್ಟ ತೊಂಬತ್ತರಲ್ಲಿ ಎಂಬತ್ತೇಳನೇ ದಿನ. ಮರುದಿನ ಬೆಳಿಗ್ಗೆ ಉತ್ತಯ್ಯ ಪಂಪು ಹಾಕಿಕೊಳ್ಳದೆ ಶೆಡ್ಡಿಗೆ ಹೋಗಿ ಹಾಳೆಯನ್ನು ದಿಗಂತನ ಮುಂದೆ ಇಟ್ಟ. ಆಳುಗಳು ಆಗಲೇ ಸಾಲಾಗಿದ್ದರು. ದಿಗಂತ್ ಓದಿದ.

“ಐವತ್ತೆರಡು. ಸೆಕೆಂಡ್ ಕ್ಲಾಸು.”

“ಹೌದು ಸಾರ್.”

“ಎಂಬತ್ತೈದು ಬಿಟ್ಟು ಐವತ್ತೆರಡಕ್ಕೆ ಇಷ್ಟು ದಿನ ಪಂಪು ಹೊತ್ತ್ರಲ್ಲ ಉತ್ತಯ್ಯ.”

“ಆ ಎಂಬತ್ತೈದರಲ್ಲಿ ಒಂದು ಪ್ರಶ್ನೆ ಕೇಳಿ ಸಾರ್, ಯಾರು ಉತ್ತರ ಹೇಳ್ತಾರೆ ನೋಡುವ. ಈ ಐವತ್ತೆರಡರಲ್ಲಿ ಯಾವ್ದು ಬೇಕಾದ್ರೂ ಕೇಳಿ. ನಾನು ಇಲ್ಲೇ ನಿಂತಿದ್ದೇನೆ.”

ದಿಗಂತ್ ಹಾಳೆಯನ್ನು ಫೈಲಿಗೆ ಸೇರಿಸಿ, ಹಾಜರಿ ಪುಸ್ತಕವನ್ನು ಮೇಜಿನ ಈ ಕಡೆಗೆ ಸರಿಸಿದ. ಆ ದಿನ ಕೆಲಸ ಶುರುವಾಗುವುದು ಕಾಲು ಗಂಟೆ ತಡವಾಗಿತ್ತು. ಉತ್ತಯ್ಯ ಕನ್ನಡಕ ಹಾಕಿಕೊಂಡು ಮೊದಲ ಹೆಸರು ಕೂಗಿದ.